ಆ್ಯಪ್ ಬಿಡುಗಡೆಗೆ ಮುನ್ನ ಹನ್ನೆರಡು ಮಂದಿ

ಮಂಗಳೂರಿನ ನಂತೂರು ವೃತ್ತದ ಆಸುಪಾಸಿನಲ್ಲಿ ಕಾಲೇಜುಗಳಿಗೆ ಬರವಿಲ್ಲ. ಒಂದು ಕಡೆ ಕರ್ನಾಟಕ ಪಾಲಿಟೆಕ್ನಿಕ್ (ಕೆಪಿಟಿ), ಇನ್ನೊಂದು ಕಡೆ ವಾಮಂಜೂರಿನ ಎಂಜಿನಿಯರಿಂಗ್ ಕಾಲೇಜು, ನಡುವೆ ಹಲವು ಪಿಯು ಮತ್ತು ಪದವಿ ಕಾಲೇಜುಗಳು. ಅಂತಿಮ ವರ್ಷದ ಪ್ರಾಜೆಕ್ಟಿಗೆಂದು ಮೊಬೈಲ್ ಆ್ಯಪ್ ಮಾಡುವ ಹುಡುಗ ಹುಡುಗಿಯರು ಇಲ್ಲಿ ಪ್ರತಿ ವರ್ಷವೂ ಇರುತ್ತಾರೆ. ಅವರಲ್ಲಿ ಕೆಲವರಿಗಾದರೂ ಅದು ಅಂಕಪಟ್ಟಿಯಲ್ಲೇ ಮುಗಿಯದೆ ಜನರ ಕೈಗೆ ಹೋಗಲಿ ಎಂಬ ಆಸೆ. 25 ಡಾಲರ್ ಶುಲ್ಕ ಕಟ್ಟಿ ಗೂಗಲ್ ಪ್ಲೇಯಲ್ಲಿ ಡೆವಲಪರ್ ಖಾತೆ ತೆರೆದ ಮೇಲೆ ಅವರಿಗೆ ತಿಳಿಯುವ ಸಂಗತಿ ಎಂದರೆ, ಆ್ಯಪ್ ಸಿದ್ಧವಾಗಿದ್ದರೂ ಪ್ರಕಟಿಸಲು ಅನುಮತಿ ಇಲ್ಲ. ಮೊದಲು ಹನ್ನೆರಡು ಪರೀಕ್ಷಕರನ್ನು ಹುಡುಕಬೇಕು. ಅವರು ಹದಿನಾಲ್ಕು ದಿನ ಬಿಟ್ಟುಹೋಗದೆ ಜೊತೆಗಿರಬೇಕು.

ಈ ನಿಯಮ ಅನ್ವಯಿಸುವುದು 2023ರ ನವೆಂಬರ್ 13ರ ನಂತರ ತೆರೆದ ವೈಯಕ್ತಿಕ ಖಾತೆಗಳಿಗೆ. ಆರಂಭದಲ್ಲಿ 20 ಮಂದಿ ಬೇಕಿತ್ತು. ಒಬ್ಬೊಬ್ಬರೇ ಕುಳಿತು ಆ್ಯಪ್ ಕಟ್ಟುವವರು ಜಗತ್ತಿನ ಎಲ್ಲ ಕಡೆಯಿಂದ ಗೋಳು ಹೇಳಿಕೊಂಡರು. 2024ರ ಡಿಸೆಂಬರಿನಲ್ಲಿ ಗೂಗಲ್ ಅದನ್ನು 12ಕ್ಕೆ ಇಳಿಸಿತು. ಸಂಸ್ಥೆಯ ಹೆಸರಿನಲ್ಲಿ ತೆರೆದ ಖಾತೆಗಳಿಗೆ ಈ ಕಟ್ಟಳೆ ಇಲ್ಲ. ಹಾಗಾಗಿ ಇದರ ಭಾರವೆಲ್ಲ ಬೀಳುವುದು ವಿದ್ಯಾರ್ಥಿಗಳ ಮೇಲೆ, ಕೆಲಸ ಮುಗಿಸಿ ಬಂದು ರಾತ್ರಿ ಕೋಡ್ ಬರೆಯುವವರ ಮೇಲೆ.

ಈ ಹನ್ನೆರಡು ಮಂದಿಯನ್ನು ಹೇಗೆ ಆರಿಸುತ್ತೀರಿ ಎಂಬುದರ ಮೇಲೆ ನಿಮ್ಮ ಆ್ಯಪ್ ಉಳಿಯುತ್ತದೋ ಇಲ್ಲವೋ ಎಂಬುದು ಬಹುಮಟ್ಟಿಗೆ ನಿಂತಿದೆ. ನಿಯಮಕ್ಕಾಗಿ ಹೆಸರು ಕೂಡಿಸಿದರೆ ಎರಡು ವಾರ ವ್ಯರ್ಥ. ಬಳಸುವವರನ್ನು ಕೂಡಿಸಿದರೆ ಅದೇ ಎರಡು ವಾರ ನಿಮ್ಮ ಓದಿನಲ್ಲಿ ಸಿಗದ ಪಾಠ ಕಲಿಸುತ್ತದೆ.

ಮೊದಲು ವ್ಯವಸ್ಥೆ ಹೇಗಿದೆ ನೋಡೋಣ. ಗೂಗಲ್ ಪ್ಲೇಯಲ್ಲಿ ಪರೀಕ್ಷೆಗೆ ಮೂರು ಹಂತ. ಇಂಟರ್ನಲ್ ಟೆಸ್ಟಿಂಗ್ ನಿಮ್ಮ ತೀರಾ ಹತ್ತಿರದವರಿಗೆ, ಗರಿಷ್ಠ 100 ಮಂದಿ. ಕ್ಲೋಸ್ಡ್ ಟೆಸ್ಟಿಂಗ್ ನೀವು ಆಹ್ವಾನಿಸಿದವರಿಗೆ ಮಾತ್ರ. ಓಪನ್ ಟೆಸ್ಟಿಂಗ್ ಬೇಕೆಂದವರೆಲ್ಲರಿಗೂ. ಲೆಕ್ಕಕ್ಕೆ ಬರುವುದು ನಡುವಿನದು. ಪರೀಕ್ಷಕರ ಜಿಮೇಲ್ ವಿಳಾಸಗಳನ್ನು ಪಟ್ಟಿಗೆ ಸೇರಿಸಿ ಅವರಿಗೆ ಒಂದು ಲಿಂಕ್ ಕಳಿಸುತ್ತೀರಿ. ಅವರು ಅದೇ ಜಿಮೇಲ್ ಖಾತೆಯಿಂದ ಲಿಂಕ್ ತೆರೆದು ಒಪ್ಪಿಗೆ ಸೂಚಿಸಬೇಕು, ನಂತರ ಪ್ಲೇ ಸ್ಟೋರಿನಿಂದಲೇ ಆ್ಯಪ್ ಹಾಕಿಕೊಳ್ಳಬೇಕು. ಹಲವರು ಎಡವುವುದು ಇಲ್ಲೇ: ಆ್ಯಪ್ ಹಾಕುವ ಎಪಿಕೆ ಕಡತವನ್ನು ವಾಟ್ಸ್ಆ್ಯಪ್‌ನಲ್ಲಿ ಕಳಿಸಿ ಇನ್‌ಸ್ಟಾಲ್ ಮಾಡಿಸಿದರೆ ಅದು ಗೂಗಲ್ ಲೆಕ್ಕಕ್ಕೆ ಸೇರುವುದೇ ಇಲ್ಲ. ಅದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಸಂಚಾರ ದಂಡದ ಚಲನ್, ಮದುವೆ ಆಮಂತ್ರಣ ಎಂಬ ಸೋಗಿನಲ್ಲಿ ಬರುವ ಎಪಿಕೆ ಕಡತಗಳು ಎಷ್ಟೋ ಜನರ ಬ್ಯಾಂಕ್ ಖಾತೆ ಬರಿದು ಮಾಡಿವೆ. ಅಂಥ ಕಡತ ಒತ್ತಬೇಡಿ ಎಂದು ಮನೆಯ ಹಿರಿಯರಿಗೆ ನಾವೇ ಹೇಳುತ್ತಿರುವಾಗ, ನಮ್ಮ ಆ್ಯಪ್‌ಗಾಗಿ ಅದೇ ಅಭ್ಯಾಸ ಮಾಡಿಸುವುದು ತಪ್ಪು.

ಹದಿನಾಲ್ಕು ದಿನ ಕಳೆದ ಮೇಲೆ ಪ್ರಕಟಣೆಗೆ ಅರ್ಜಿ ಹಾಕುವಾಗ ಗೂಗಲ್ ಪ್ರಶ್ನೆಗಳನ್ನು ಕೇಳುತ್ತದೆ. ಪರೀಕ್ಷಕರನ್ನು ಹುಡುಕುವುದು ಎಷ್ಟು ಸುಲಭವಾಯಿತು? ಅವರು ಆ್ಯಪನ್ನು ಹೇಗೆ ಬಳಸಿದರು? ಏನು ಅಭಿಪ್ರಾಯ ಹೇಳಿದರು, ಅದನ್ನು ನೀವು ಹೇಗೆ ಸಂಗ್ರಹಿಸಿದಿರಿ? ಕೇಳಿದ ಮೇಲೆ ಏನು ಬದಲಿಸಿದಿರಿ? ಹೆಸರಿಗೆ ಮಾತ್ರ ಪರೀಕ್ಷಕರಿದ್ದರೆ ಇಲ್ಲಿ ಬರೆಯಲು ಏನೂ ಇರುವುದಿಲ್ಲ. ಅರ್ಜಿ ತಿರಸ್ಕೃತವಾಗಿ ಮತ್ತೆ ಮೊದಲಿಂದ ಎರಡು ವಾರ ಶುರು ಮಾಡಬೇಕಾದವರು ಇದ್ದಾರೆ.

ಈ ನಿಯಮ ಬಂದ ಮೇಲೆ ಅದರ ಬೆನ್ನಿಗೇ ಒಂದು ವ್ಯಾಪಾರವೂ ಹುಟ್ಟಿದೆ. ಇಷ್ಟು ದುಡ್ಡು ಕೊಡಿ, ಹನ್ನೆರಡು ಟೆಸ್ಟರ್‌ಗಳನ್ನು ಒದಗಿಸುತ್ತೇವೆ ಎನ್ನುವವರಿದ್ದಾರೆ. ದುಡ್ಡಿಲ್ಲದವರ ನಡುವೆ ಕೊಡುಕೊಳ್ಳುವಿಕೆ ನಡೆಯುತ್ತದೆ: ನಿನ್ನದನ್ನು ನಾನು ಹಾಕಿಕೊಳ್ಳುತ್ತೇನೆ, ನನ್ನದನ್ನು ನೀನು ಹಾಕಿಕೋ. ಎರಡರಲ್ಲೂ ಆ್ಯಪ್ ಫೋನಿನಲ್ಲಿ ಇರುತ್ತದೆ, ಅದನ್ನು ಬಳಸಬೇಕಾದ ಅಗತ್ಯ ಮಾತ್ರ ಯಾರಿಗೂ ಇರುವುದಿಲ್ಲ. ಮಂಗಳೂರಿನ ಮನೆಗಳಿಗಾಗಿ ಮಾಡಿದ ಆ್ಯಪನ್ನು ಇನ್ಯಾವುದೋ ದೇಶದ ಡೆವಲಪರ್ ದಿನಕ್ಕೊಮ್ಮೆ ತೆರೆದು ಮುಚ್ಚಿದರೆ ನಿಮಗೆ ಏನು ತಿಳಿಯಿತು?

ಹನ್ನೆರಡು ತೀರಾ ಕಡಿಮೆಯಾಯಿತಲ್ಲವೇ, ಇಷ್ಟರಿಂದ ಏನು ತಿಳಿಯುತ್ತದೆ ಎಂದು ಕೇಳಬಹುದು. ಬಳಕೆಯ ತೊಡಕುಗಳನ್ನು ಅಧ್ಯಯನ ಮಾಡಿದ ಯಾಕೋಬ್ ನೀಲ್ಸನ್ ಮತ್ತು ಥಾಮಸ್ ಲ್ಯಾಂಡಾವರ್ 1993ರಲ್ಲಿ ಇದಕ್ಕೆ ಉತ್ತರ ಕೊಟ್ಟಿದ್ದಾರೆ. ಅವರು ನೋಡಿದ ಯೋಜನೆಗಳಲ್ಲಿ ಒಬ್ಬ ಬಳಕೆದಾರನಿಂದ ಸರಾಸರಿ ನೂರಕ್ಕೆ 31ರಷ್ಟು ದೋಷಗಳು ಬೆಳಕಿಗೆ ಬಂದವು. ಎರಡನೆಯವನು ಅವುಗಳಲ್ಲಿ ಕೆಲವನ್ನು ಮತ್ತೆ ತೋರಿಸಿ ಹೊಸ ಕೆಲವನ್ನು ಸೇರಿಸುತ್ತಾನೆ. ಐದನೆಯವನ ಹೊತ್ತಿಗೆ ನೂರಕ್ಕೆ ಸುಮಾರು 85ರಷ್ಟು ಸಿಕ್ಕಿರುತ್ತವೆ. 2000ದಲ್ಲಿ ನೀಲ್ಸನ್ ಇದನ್ನೇ ಸಲಹೆಯಾಗಿ ಮುಂದಿಟ್ಟರು: ಹದಿನೈದು ಮಂದಿಯನ್ನು ಒಟ್ಟಿಗೆ ಕೂರಿಸಬೇಡಿ, ಐದೈದು ಮಂದಿಯ ಮೂರು ಸುತ್ತು ಮಾಡಿ, ಪ್ರತಿ ಸುತ್ತಿನ ನಂತರ ತಿದ್ದಿ. ಈ ಸಲಹೆಗೆ ಅವರು ಹಾಕಿದ ಷರತ್ತನ್ನು ಮಾತ್ರ ಬಹಳ ಜನ ಮರೆಯುತ್ತಾರೆ. ಬಳಕೆದಾರರಲ್ಲಿ ಒಂದಕ್ಕೊಂದು ಹೋಲದ ಗುಂಪುಗಳಿದ್ದರೆ ಪ್ರತಿ ಗುಂಪಿನಿಂದಲೂ ಮೂರು ನಾಲ್ಕು ಮಂದಿ ಬೇಕೇಬೇಕು. ಒಂದೇ ತರಗತಿಯ ಹನ್ನೆರಡು ಸಹಪಾಠಿಗಳು ಈ ಲೆಕ್ಕದಲ್ಲಿ ಒಂದೇ ಗುಂಪು. ಅವರ ವಯಸ್ಸು ಒಂದು, ಫೋನುಗಳು ಹೆಚ್ಚುಕಡಿಮೆ ಒಂದೇ ಬಗೆಯವು, ಬೆರಳಿನ ಅಭ್ಯಾಸವೂ ಒಂದೇ.

ಬೇರೆ ಬೇರೆ ಗುಂಪಿನವರನ್ನು ಹುಡುಕಲು ನಂತೂರಿನವರು ದೂರ ಹೋಗಬೇಕಾಗಿಲ್ಲ. ಉಡುಪಿ ಕಡೆಯಿಂದ ಕಾಸರಗೋಡಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 66 ಇಲ್ಲಿ ಹಾದುಹೋಗುತ್ತದೆ. ಕುಲಶೇಖರ, ಮೂಡುಬಿದಿರೆ ಕಡೆಯ ಹೆದ್ದಾರಿ 169 ಇಲ್ಲಿಗೆ ಬಂದು ಸೇರುತ್ತದೆ. ಇನ್ನೊಂದು ರಸ್ತೆ ಮಲ್ಲಿಕಟ್ಟೆಯತ್ತ ಪೇಟೆಗೆ ಇಳಿಯುತ್ತದೆ. ತುಳು, ಕೊಂಕಣಿ, ಬ್ಯಾರಿ, ಮಲಯಾಳ, ಕನ್ನಡ, ಹಿಂದಿ ಆಡುವವರೆಲ್ಲ ದಿನವೂ ಇದೇ ವೃತ್ತ ದಾಟುತ್ತಾರೆ. 2011ರ ಜನಗಣತಿಯಲ್ಲಿ ದಕ್ಷಿಣ ಕನ್ನಡ ಜಿಲ್ಲೆಯ ಹತ್ತಿರಹತ್ತಿರ ಅರ್ಧದಷ್ಟು ಜನ ತುಳುವನ್ನು ತಾಯ್ನುಡಿಯೆಂದು ಬರೆಸಿದ್ದಾರೆ. ಇಂಥ ಊರಿನಲ್ಲಿ ಪರೀಕ್ಷಕರ ಆಯ್ಕೆಯನ್ನು ವಾಟ್ಸ್ಆ್ಯಪ್‌ನ ಒಂದು ಕ್ಲಾಸ್ ಗ್ರೂಪಿಗೆ ಬಿಟ್ಟುಬಿಡುವುದು ಕೈಯಲ್ಲಿದ್ದ ಅವಕಾಶವನ್ನು ಕಳೆದುಕೊಂಡಂತೆ.

ಒಂದು ಉದಾಹರಣೆ ಕಲ್ಪಿಸಿಕೊಳ್ಳೋಣ. ತೆಂಗಿನಕಾಯಿ ಕೀಳುವವರು ಸಿಗುವುದಿಲ್ಲ ಎಂಬುದು ಕರಾವಳಿಯ ಹಿತ್ತಲು ಹಿತ್ತಲಲ್ಲೂ ಕೇಳುವ ಮಾತು. ಮರ ಹತ್ತುವವರನ್ನೂ ಮನೆಯವರನ್ನೂ ಕೂಡಿಸುವ ಒಂದು ಆ್ಯಪನ್ನು ವಿದ್ಯಾರ್ಥಿಗಳು ಮಾಡಿದ್ದಾರೆ ಎನ್ನಿ. ಇದರ ಪರೀಕ್ಷಕರು ಯಾರಾಗಬೇಕು?

ಮೊದಲ ಗುಂಪು ಮನೆಯವರದು. ಹಿತ್ತಲಿರುವ ಮನೆಗಳಲ್ಲಿ ಉಳಿದಿರುವುದು ಹೆಚ್ಚಾಗಿ ಹಿರಿಯರು. ಕನ್ನಡಕ ಹುಡುಕಿ ಹಾಕಿಕೊಂಡು, ಅಕ್ಷರ ದೊಡ್ಡದು ಮಾಡಿಕೊಂಡು ಫೋನ್ ನೋಡುವವರು. ಅಕ್ಷರದ ಗಾತ್ರ ಹೆಚ್ಚಿಸಿದ ಕೂಡಲೇ ‘ಮುಂದೆ’ ಎಂಬ ಗುಂಡಿ ಪರದೆಯಿಂದ ಆಚೆ ಹೋಗುತ್ತದೆಯೇ ಎಂಬುದು ಇವರ ಕೈಗೆ ಕೊಟ್ಟರೆ ಮಾತ್ರ ತಿಳಿಯುತ್ತದೆ. ಎರಡನೆಯ ಗುಂಪು ಮರ ಹತ್ತುವವರದು. ಅವರಿಗೆ ಕರೆ ಬರುವ ಹೊತ್ತಿಗೆ ಕೈಯಲ್ಲಿ ಕತ್ತಿ ಇರಬಹುದು, ಫೋನ್ ಕೆಳಗೆ ಚೀಲದಲ್ಲಿರಬಹುದು. ಒಂದು ನಿಮಿಷದೊಳಗೆ ಒಪ್ಪಿಕೊಳ್ಳದಿದ್ದರೆ ಕೆಲಸ ಬೇರೆಯವರಿಗೆ ಎಂದು ನೀವು ಬರೆದ ಕೋಡ್ ಇವರಿಗೆ ಕೆಲಸವನ್ನೇ ಕೊಡುವುದಿಲ್ಲ. ಮಳೆಗಾಲದಲ್ಲಿ ಒದ್ದೆ ಬೆರಳಿನ ಸ್ಪರ್ಶ ಪರದೆಗೆ ಸರಿಯಾಗಿ ತಿಳಿಯುವುದಿಲ್ಲ. ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಊರಿನಲ್ಲಿ ಇದು ಸಣ್ಣ ವಿಷಯವಲ್ಲ.

ಮೂರನೆಯ ಗುಂಪು ಹೊಳೆಯುವುದು ಕಷ್ಟ, ಆದರೆ ಈ ಊರಿಗೆ ಅದು ಮುಖ್ಯ. ಅಪ್ಪ ಅಮ್ಮನ ಮನೆಯ ಕೆಲಸಗಳನ್ನು ದುಬೈ, ದಮಾಮ್‌ಗಳಲ್ಲಿ ಕುಳಿತು ಮಕ್ಕಳು ನೋಡಿಕೊಳ್ಳುತ್ತಾರೆ, ದುಡ್ಡು ಕಳಿಸುವವರೂ ಅವರೇ. ಹತ್ತು ಅಂಕಿಯ ಭಾರತೀಯ ಸಂಖ್ಯೆಯನ್ನು ಮಾತ್ರ ಒಪ್ಪುವ ಆ್ಯಪ್ ಇವರನ್ನು ಬಾಗಿಲಲ್ಲೇ ತಡೆಯುತ್ತದೆ. ಓಟಿಪಿ ಅಮ್ಮನ ಫೋನಿಗೆ ಹೋದರೆ ಅದನ್ನು ಕೇಳಿ ತಿಳಿಯುವಷ್ಟರಲ್ಲಿ ಅವಧಿ ಮುಗಿದಿರುತ್ತದೆ. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ, ಸೌದಿ ಎರಡೂವರೆ ಗಂಟೆ ಹಿಂದೆ. ಬೆಳಿಗ್ಗೆ ಎಂಟು ಗಂಟೆಗೆ ಬರಲಿ ಎಂದು ಮಗ ಅಲ್ಲಿಂದ ಒತ್ತಿದರೆ ಕೆಲಸದವರು ಇಲ್ಲಿ ಎಷ್ಟು ಗಂಟೆಗೆ ಬರುತ್ತಾರೆ? ಅಲ್ಲಿರುವ ಅಣ್ಣನನ್ನೋ ಭಾವನನ್ನೋ ಪರೀಕ್ಷಕರ ಪಟ್ಟಿಗೆ ಸೇರಿಸಿದರೆ ಮೊದಲ ದಿನವೇ ಉತ್ತರ ಸಿಗುತ್ತದೆ.

ನಾಲ್ಕನೆಯದಾಗಿ, ಕಣ್ಣು ಕಾಣದವರೊಬ್ಬರಾದರೂ ಇರಬೇಕು. ಆಂಡ್ರಾಯ್ಡ್‌ನಲ್ಲಿರುವ ಟಾಕ್‌ಬ್ಯಾಕ್ ಪರದೆಯ ಮೇಲಿನದನ್ನು ಓದಿ ಹೇಳುತ್ತದೆ. ಚಿತ್ರ ಮಾತ್ರ ಇಟ್ಟು ಹೆಸರು ಕೊಡದ ಗುಂಡಿ ಬಂದಾಗ ಅದಕ್ಕೆ ಹೇಳಲು ಏನೂ ಇರುವುದಿಲ್ಲ. ಇದನ್ನು ಸರಿಪಡಿಸಲು ಬೇಕಾದ್ದು ಒಂದು ಸಾಲು ಕೋಡ್, ತೋರಿಸಿಕೊಡಲು ಮಾತ್ರ ಬಳಸುವವರೇ ಬೇಕು.

ಇನ್ನು ಲಿಪಿಯ ವಿಷಯ. ಇಂಗ್ಲಿಷ್ ಅಕ್ಷರಕ್ಕೆ ಅಳೆದು ಮಾಡಿದ ಗುಂಡಿಯಲ್ಲಿ ಕನ್ನಡ ಹಾಕಿದಾಗ ಕೆಳಗಿನ ಒತ್ತಕ್ಷರ ಕತ್ತರಿಸಿಹೋಗುತ್ತದೆ. ‘ರಾಷ್ಟ್ರೀಯ’, ‘ಸ್ವಾತಂತ್ರ್ಯ’ದಂಥ ಪದಗಳನ್ನು ಪರದೆಯ ಮೇಲಿಟ್ಟು ನೋಡಿದರೆ ತಕ್ಷಣ ಕಾಣುತ್ತದೆ. ಹುಡುಕುವ ಜಾಗದಲ್ಲಿ ಒಬ್ಬರು ನಂತೂರು ಎಂದು ಬರೆಯುತ್ತಾರೆ, ಇನ್ನೊಬ್ಬರು ನಂತೂರ್ ಎಂದು. ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವವರಲ್ಲಿ ಕೆಲವರು ‘ಎಚ್’ ಸೇರಿಸುತ್ತಾರೆ, ಕೆಲವರು ಬಿಡುತ್ತಾರೆ. ಮಂಗಳೂರು ಎಂದು ಟೈಪಿಸದೆ ಕುಡ್ಲ ಎನ್ನುವವರು, ಕೊಡಿಯಾಲ್ ಎನ್ನುವವರು, ಮೈಕಾಲ ಎನ್ನುವವರು ಇದೇ ಊರಿನವರು. ಬೆಂಗಳೂರಿನಲ್ಲೋ ಹೈದರಾಬಾದಿನಲ್ಲೋ ಬಾಡಿಗೆಗೆ ಸಿಕ್ಕ ಪರೀಕ್ಷಕರಿಗೆ ಇದು ಎಂದೂ ತೋಚದು.

ಹೊಸ ಸಾಧನವನ್ನು ಜನರ ಕೈಯಲ್ಲಿಟ್ಟು ಗಟ್ಟಿಮಾಡಿಕೊಳ್ಳುವುದು ನಮ್ಮ ನೆಲಕ್ಕೆ ಹೊಸದೂ ಅಲ್ಲ. ತುಳು ವಿಕಿಪೀಡಿಯ 2008ರಲ್ಲಿ ಇನ್‌ಕ್ಯುಬೇಟರ್ ಎಂಬ ಪ್ರಾಯೋಗಿಕ ತಾಣದಲ್ಲಿ ಆರಂಭವಾಯಿತು. ನಾಲ್ಕು ದಿನದ ಉತ್ಸಾಹ ನೋಡಿ ಅಲ್ಲಿಂದ ಯಾರನ್ನೂ ಹೊರಗೆ ಬಿಡುವುದಿಲ್ಲ. ಒಂದು ಸಮುದಾಯ ತಿಂಗಳುಗಟ್ಟಲೆ ಬಿಡದೆ ಬರೆಯುತ್ತಿದೆ ಎಂದು ಕಾಣಬೇಕು. ಸ್ವಯಂಸೇವಕರು ಲೇಖನ ಬರೆಯುತ್ತ, ತರಬೇತಿ ನಡೆಸುತ್ತ ಹೋದರು. 2016ರ ಆಗಸ್ಟಿನಲ್ಲಿ ಅದು ಸ್ವತಂತ್ರ ವಿಕಿಪೀಡಿಯವಾಯಿತು. ಎಂಟು ವರ್ಷ ದೀರ್ಘವೇ ಹೌದು. ಆದರೆ ತೆರೆದ ದಿನ ಅದಕ್ಕೆ ಬರೆಯುವವರಿದ್ದರು, ಓದುವವರಿದ್ದರು.

ಇನ್ನೊಂದು ಉದಾಹರಣೆ ಹತ್ತಿರದಲ್ಲೇ ಇದೆ. ನಂತೂರಿನಿಂದ ಮೂಡುಬಿದಿರೆ ದಿಕ್ಕಿನಲ್ಲಿ ಹೋದರೆ ಗುರುಪುರ ಕೈಕಂಬದ ಸಮೀಪ ಕಿನ್ನಿಕಂಬಳ ಎಂಬ ಊರಿದೆ. ಕನ್ನಡವನ್ನು ಧ್ವನಿಗೆ ಅನುಗುಣವಾಗಿ ಟೈಪ್ ಮಾಡುವ ಕೀಲಿಮಣೆ ವಿನ್ಯಾಸ ರೂಪಿಸಿದ ಕೆ.ಪಿ. ರಾವ್ ಅಲ್ಲಿನವರು. ‘ಸೇಡಿಯಾಪು’ ಎಂಬ ತಮ್ಮ ಕನ್ನಡ ತಂತ್ರಾಂಶವನ್ನು ಅವರು ಜನರಿಗೆ ಉಚಿತವಾಗಿ ಕೊಟ್ಟರು. ಅವರ ವಿನ್ಯಾಸವನ್ನೇ ಮುಂದೆ ಕರ್ನಾಟಕ ಸರ್ಕಾರ ಅಧಿಕೃತ ಕೀಲಿಮಣೆಯಾಗಿ ಒಪ್ಪಿಕೊಂಡಿತು. ಬಳಸುವವರನ್ನು ಮೊದಲೇ ಜೊತೆಗಿಟ್ಟುಕೊಂಡ ಮತ್ತೊಂದು ಉದಾಹರಣೆ ಬೆಂಗಳೂರಿನದು. ಅಲ್ಲಿ 2022ರ ನವೆಂಬರಿನಲ್ಲಿ ಬಂದ, ಆಟೊ ಕರೆಯುವ ‘ನಮ್ಮ ಯಾತ್ರಿ’ ಆ್ಯಪ್‌ನ ಹಿಂದೆ ಜಸ್‌ಪೇ ಕಂಪನಿಯ ಜೊತೆಗೆ ಆಟೊ ಚಾಲಕರ ಸಂಘಟನೆಯೂ ಆರಂಭದಿಂದಲೇ ಇತ್ತು. ಎರಡು ಕಡೆಯವರನ್ನು ಕೂಡಿಸುವ ಆ್ಯಪ್ ಮಾಡುವವರು ಗಮನಿಸಬೇಕಾದ ಮಾತು ಇದು: ಗಿರಾಕಿಯನ್ನು ಎಲ್ಲರೂ ನೆನೆಯುತ್ತಾರೆ, ದುಡಿಯುವವನ ಕಡೆಯ ಆ್ಯಪನ್ನು ಪರೀಕ್ಷಿಸುವವರು ಕಡಿಮೆ.

ಹಾಗಾದರೆ ಕೇಳುವುದು ಹೇಗೆ? ‘ನನ್ನ ಆ್ಯಪ್ ಒಂದು ಹಾಕಿಕೊಳ್ಳಿ’ ಎಂದರೆ ಜನ ಹಾಕಿಕೊಂಡು ಮರೆಯುತ್ತಾರೆ. ಏನು, ಯಾಕೆ, ಎಷ್ಟು ದಿನ ಎಂಬ ಮೂರನ್ನೂ ಮೊದಲೇ ಹೇಳಬೇಕು: ‘ಅಂಕಲ್, ಕಾಯಿ ಕೀಳುವವರನ್ನು ಕರೆಯಲು ಒಂದು ಆ್ಯಪ್ ಮಾಡಿದ್ದೇವೆ. ಎರಡು ವಾರ ನಿಮ್ಮ ಫೋನಿನಲ್ಲಿರಲಿ. ದಿನಕ್ಕೆ ಐದು ನಿಮಿಷ ಸಾಕು. ಎಲ್ಲಿ ಗೊತ್ತಾಗಲಿಲ್ಲ ಎಂದು ಹೇಳಿದರೆ ನಮಗೆ ದೊಡ್ಡ ಸಹಾಯ.’ ಹೀಗೆ ಕೇಳಿದರೆ ಇಲ್ಲವೆನ್ನುವವರು ಕಡಿಮೆ. ಒಪ್ಪಿದವರಲ್ಲಿಯೂ ಕೆಲವರು ನಡುವೆ ಬಿಡುತ್ತಾರೆ, ಫೋನ್ ಬದಲಿಸುತ್ತಾರೆ, ಜಾಗ ಸಾಲದೆಂದು ತೆಗೆದುಹಾಕುತ್ತಾರೆ. ಹನ್ನೆರಡಕ್ಕೆ ಹನ್ನೆರಡನ್ನೇ ಇಟ್ಟುಕೊಂಡರೆ ಒಬ್ಬರು ಹೊರಬಂದ ದಿನ ಲೆಕ್ಕ ತಪ್ಪುತ್ತದೆ. ಹದಿನೆಂಟೋ ಇಪ್ಪತ್ತೋ ಮಂದಿಯಿಂದ ಆರಂಭಿಸುವುದು ಲೇಸು.

ಎರಡು ವಾರವನ್ನು ಹಂತಗಳಾಗಿ ಹಂಚಿಕೊಳ್ಳಿ. ಮೊದಲ ಮೂರು ದಿನ ಇನ್‌ಸ್ಟಾಲ್ ಮತ್ತು ನೋಂದಣಿ ಮಾತ್ರ ಗಮನಿಸಿ. ಮುಂದಿನ ದಿನಗಳಲ್ಲಿ ಒಂದೊಂದು ಕೆಲಸ ಕೊಡಿ: ಇವತ್ತು ಒಬ್ಬರನ್ನು ಕರೆಯಿರಿ, ನಾಳೆ ಕರೆದದ್ದನ್ನು ರದ್ದು ಮಾಡಿ. ಸಾಧ್ಯವಾದರೆ ಮೂರು ನಾಲ್ಕು ಮಂದಿಯ ಪಕ್ಕದಲ್ಲಿ ಕುಳಿತು ನೋಡಿ. ಆಗ ಬಾಯಿ ಮುಚ್ಚಿಕೊಂಡಿರುವುದು ಎಲ್ಲಕ್ಕಿಂತ ಮುಖ್ಯ. ಅವರು ತಡವರಿಸಿದಾಗ ‘ಅದಲ್ಲ, ಇದನ್ನು ಒತ್ತಿ’ ಎಂದು ನೀವು ಹೇಳಿಬಿಟ್ಟರೆ ಆ ದೋಷ ಅಲ್ಲೇ ಅಡಗಿಹೋಗುತ್ತದೆ. ಬಿಡುಗಡೆಯಾದ ಮೇಲೆ ಪ್ರತಿಯೊಬ್ಬರ ಪಕ್ಕದಲ್ಲೂ ನೀವು ಕುಳಿತಿರುವುದಿಲ್ಲ. ಮೊದಲ ವಾರ ಸಿಕ್ಕಿದ್ದನ್ನು ತಿದ್ದಿ ಅಪ್‌ಡೇಟ್ ಕಳಿಸಿ, ಎರಡನೆಯ ವಾರ ಅದೇ ಜಾಗವನ್ನು ಮತ್ತೆ ನೋಡಿ. ತಾವು ಹೇಳಿದ್ದು ಬದಲಾಗಿದೆ ಎಂದು ಕಂಡ ಪರೀಕ್ಷಕರು ಮತ್ತಷ್ಟು ಹೇಳುತ್ತಾರೆ.

‘ಚೆನ್ನಾಗಿದೆ’ ಎಂಬ ಉತ್ತರವನ್ನು ಲೆಕ್ಕಕ್ಕೆ ಇಡಬೇಡಿ. ನಮ್ಮವರು ಮಕ್ಕಳ ಮನಸ್ಸು ನೋಯಿಸಲಾರರು. ‘ಹೇಗಿದೆ’ ಎಂಬ ಪ್ರಶ್ನೆಗೆ ಬದಲು ‘ಕೊನೆಯ ಸಲ ಎಲ್ಲಿ ನಿಲ್ಲಿಸಿದಿರಿ’, ‘ಯಾವುದನ್ನು ಎರಡು ಸಲ ಓದಬೇಕಾಯಿತು’ ಎಂದು ಕೇಳಿದರೆ ನಿಜ ಹೊರಬರುತ್ತದೆ. ಬರೆಯಲು ಬೇಸರವಿರುವವರಿಗೆ ವಾಟ್ಸ್ಆ್ಯಪ್‌ನಲ್ಲಿ ಧ್ವನಿ ಸಂದೇಶ ಕಳಿಸಲು ಹೇಳಿ, ತುಳುವಿನಲ್ಲಾಗಲಿ ಕೊಂಕಣಿಯಲ್ಲಾಗಲಿ. ಕ್ಲೋಸ್ಡ್ ಟೆಸ್ಟ್‌ನಲ್ಲಿ ಪ್ಲೇ ಸ್ಟೋರ್ ಮೂಲಕ ಕೊಟ್ಟ ಅಭಿಪ್ರಾಯ ಡೆವಲಪರ್‌ಗೆ ಮಾತ್ರ ಕಾಣುತ್ತದೆ, ಸಾರ್ವಜನಿಕ ರೇಟಿಂಗ್‌ಗೆ ಸೇರುವುದಿಲ್ಲ. ಇದನ್ನು ಪರೀಕ್ಷಕರಿಗೆ ಮೊದಲೇ ತಿಳಿಸಿದರೆ ಅವರ ಸಂಕೋಚ ಕಳೆಯುತ್ತದೆ.

ಪರೀಕ್ಷಕರು ನಿಮಗೆ ತಮ್ಮ ಸಮಯ ಮಾತ್ರವಲ್ಲ, ತಮ್ಮ ಮಾಹಿತಿಯನ್ನೂ ಕೊಡುತ್ತಿದ್ದಾರೆ ಎಂಬುದು ನೆನಪಿರಲಿ. ಫೋನ್ ಸಂಖ್ಯೆ, ಮನೆಯ ವಿಳಾಸ, ಇರುವ ಜಾಗ ಎಲ್ಲವೂ ನಿಮ್ಮ ಸರ್ವರ್‌ಗೆ ಬರುತ್ತದೆ. ಅದನ್ನು ಯಾಕೆ ತೆಗೆದುಕೊಳ್ಳುತ್ತೀರಿ ಎಂದು ಹೇಳಿ ಒಪ್ಪಿಗೆ ಪಡೆಯಬೇಕು, ಪರೀಕ್ಷೆ ಮುಗಿದ ಮೇಲೆ ಅಳಿಸಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಆಶಯವೇ ಇದು. ಆ ಕಾಯ್ದೆಯ ಪ್ರಕಾರ 18 ತುಂಬದವರು ಮಕ್ಕಳು. ಅವರ ಮಾಹಿತಿ ಪಡೆಯಲು ಪೋಷಕರ ಒಪ್ಪಿಗೆ ಬೇಕು. ಪಿಯು ವಿದ್ಯಾರ್ಥಿಗಳನ್ನು ಪರೀಕ್ಷಕರಾಗಿ ಸೇರಿಸುವವರು ಇದನ್ನು ಮರೆಯಬಾರದು. ಪಾವತಿ ಇರುವ ಆ್ಯಪ್ ಆದರೆ ಪರೀಕ್ಷೆಯ ಕಾಲದಲ್ಲಿ ಯಾರ ಖಾತೆಯಿಂದಲೂ ನಿಜವಾದ ದುಡ್ಡು ಹೋಗದಂತೆ ನೋಡಿಕೊಳ್ಳುವುದು ಡೆವಲಪರ್‌ನ ಹೊಣೆ.

ಐಫೋನಿಗೆ ಮಾಡುವವರ ದಾರಿ ಸ್ವಲ್ಪ ಬೇರೆ. ಅಲ್ಲಿ ವರ್ಷಕ್ಕೆ 99 ಡಾಲರ್ ಶುಲ್ಕ. ಟೆಸ್ಟ್‌ಫ್ಲೈಟ್ ಎಂಬ ವ್ಯವಸ್ಥೆಯಲ್ಲಿ 10,000 ಹೊರಗಿನ ಪರೀಕ್ಷಕರವರೆಗೆ ಸೇರಿಸಬಹುದು, ಒಂದು ಆವೃತ್ತಿ 90 ದಿನ ನಡೆಯುತ್ತದೆ. ಕನಿಷ್ಠ ಇಷ್ಟು ಮಂದಿ ಬೇಕೆಂಬ ಕಟ್ಟಳೆ ಅಲ್ಲಿಲ್ಲ. ಯಾರೂ ಬಲವಂತ ಮಾಡದಿದ್ದರೂ ಪರೀಕ್ಷೆ ಬೇಕು.

ಬಹಳ ದೊಡ್ಡವರಿಗೂ ಮೊದಲ ದಿನ ಕಠಿಣವೇ. ಆದಾಯ ತೆರಿಗೆಯ ಹೊಸ ಪೋರ್ಟಲ್ 2021ರ ಜೂನ್ 7ರಂದು ತೆರೆದಾಗ ದೇಶದಾದ್ಯಂತ ತೆರಿಗೆದಾರರು ಪಟ್ಟ ಪಾಡು ಎಲ್ಲರಿಗೂ ನೆನಪಿದೆ. ಆ ವರ್ಷ ವಿವರ ಸಲ್ಲಿಕೆಯ ಗಡುವನ್ನು ಡಿಸೆಂಬರ್ 31ರವರೆಗೆ ಮುಂದೂಡಬೇಕಾಯಿತು. ತೆರಿಗೆ ಕಟ್ಟುವವರಿಗೆ ಬೇರೆ ದಾರಿ ಇರಲಿಲ್ಲ, ಕಾದರು. ಹೊಸಬರ ಆ್ಯಪ್‌ಗಾಗಿ ಯಾರೂ ಕಾಯುವುದಿಲ್ಲ. ಮೊದಲ ಸಲ ಕೈಕೊಟ್ಟರೆ ತೆಗೆದುಹಾಕುತ್ತಾರೆ.

ಇದರಲ್ಲಿ ಕಾಲೇಜುಗಳೂ ಮಾಡಬಹುದಾದ ಒಂದು ಕೆಲಸವಿದೆ. ಪ್ರಾಜೆಕ್ಟಿಗೆ ಅಂಕ ಕೊಡುವಾಗ ಕೋಡ್ ನೋಡುವಂತೆ, ಪರೀಕ್ಷಕರು ಯಾರಿದ್ದರು, ಅವರಿಂದ ಏನು ಬದಲಾಯಿತು ಎಂಬುದನ್ನೂ ನೋಡಲಿ. ಕ್ಯಾಂಪಸ್ಸಿನ ಹೊರಗಿನವರನ್ನು, ಮನೆಮಾತು ಬೇರೆಯಾದವರನ್ನು, ಹಿರಿಯರನ್ನು ಸೇರಿಸಿಕೊಂಡ ತಂಡಕ್ಕೆ ಹೆಚ್ಚು ಅಂಕ ಸಿಗಲಿ. ಆಸಕ್ತ ನಾಗರಿಕರ ಹೆಸರು ಬರೆದುಕೊಂಡು ವಿದ್ಯಾರ್ಥಿಗಳಿಗೆ ಪರಿಚಯಿಸುವ ಒಂದು ಪುಸ್ತಕ ವಿಭಾಗದ ಕಚೇರಿಯಲ್ಲಿದ್ದರೂ ಸಾಕು.

ಓದುಗರಲ್ಲಿಯೂ ಒಂದು ಕೋರಿಕೆ. ಪಕ್ಕದ ಮನೆಯ ಹುಡುಗಿ ಬಂದು ನನ್ನ ಆ್ಯಪ್ ಪರೀಕ್ಷಿಸುತ್ತೀರಾ ಎಂದು ಕೇಳಿದರೆ, ನನಗೆ ಕಂಪ್ಯೂಟರ್ ಗೊತ್ತಿಲ್ಲಮ್ಮ ಎಂದು ಕಳಿಸಬೇಡಿ. ಗೊತ್ತಿಲ್ಲದವರೇ ಅವಳಿಗೆ ಬೇಕು. ಲಿಂಕ್ ಪ್ಲೇ ಸ್ಟೋರಿನದ್ದೇ ಎಂದು ನೋಡಿಕೊಳ್ಳಿ, ಒಪ್ಪಿ, ಎರಡು ವಾರ ಬಳಸಿ. ಅರ್ಥವಾಗದ್ದನ್ನು ಅರ್ಥವಾಗಲಿಲ್ಲ ಎಂದೇ ಹೇಳಿ. ಆ ಮಾತು ಅವಳಿಗೆ ಹೊಗಳಿಕೆಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ. ನಿಮ್ಮಂಥ ಸಾವಿರಾರು ಮಂದಿ ಮುಂದೆ ಆ ಆ್ಯಪನ್ನು ತೊಡಕಿಲ್ಲದೆ ಬಳಸುವುದಕ್ಕೂ ಅದೇ ಕಾರಣವಾಗುತ್ತದೆ.